ಮೂರು ಇಂಚಿನ ಸೈಲೆನ್ಸರ್

"ಇವತ್ತಿನಿಂದ ನಮ್ಮ ಕಾರು ಯಾರ ಹಿಂದೂ ಬೀಳಂಗಿಲ್ಲ!"

ಶಹಾಬಜಾರದ ಮನೆಯ ಪಡಸಾಲೆಯಲ್ಲಿ ನಿಂತು ಸುಧಾಕರ ಹೀಗೆ ಭೀಷ್ಮ ಪ್ರತಿಜ್ಞೆ ಮಾಡಿದಾಗ ಅವನ ಕೈಯಲ್ಲಿ ಬಿಲ್ಲೂ ಇರಲಿಲ್ಲ, ಬಾಣವೂ ಇರಲಿಲ್ಲ. ಅರ್ಧ ಕಪ್ ಚಹಾ ಮತ್ತು ಮೊಬೈಲ್ ಇತ್ತು. ಆದರೆ ಪ್ರತಿಜ್ಞೆಯ ಕಾರಣ ಸಣ್ಣದಲ್ಲ. ಹಿಂದಿನ ವಾರ ಹೆಂಡತಿಯ ತವರು ಕಮಲಾಪುರಕ್ಕೆ ಹೋಗುವಾಗ, ಊರಿಗಿಂತ ಮುಂಚಿನ ಏರಿನಲ್ಲಿ, ಉಳ್ಳಾಗಡ್ಡಿ ಚೀಲ ಹೇರಿಕೊಂಡ ಒಂದು ಟಂಟಂ ಆಟೋ ಅವನ ಕಾರನ್ನು ಹಿಂದೆ ಹಾಕಿತ್ತು. ಹಾಕಿದರೆ ಹಾಕಲಿ. ಅದರ ಡ್ರೈವರ್ ತಲೆ ಹೊರಗೆ ಚಾಚಿ, "ಧಕ್ಕಾ ಕೊಡ್ಲೇನ್ರಿ, ಅಣ್ಣಾರ?" ಅಂತ ಕೇಳಿಬಿಟ್ಟಿದ್ದ!

ಸುಧಾಕರ ಕಾಲೇಜೊಂದರ ಲೈಬ್ರರಿ ಗುಮಾಸ್ತ. ಅವನದು ಹದಿನೆಂಟು ವರ್ಷದ ಹಳೇ ಕಾರು, ಪುಟ್ಟ ಎಂಜಿನ್ನು. ವಾರವಿಡೀ ಪುಸ್ತಕದ ಕಪಾಟುಗಳ ಹಿಂದೆ ಅಡಗಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಜ್ಞಾನೋದಯವಾಗಿತ್ತು. ಎಂಜಿನ್ನಿಗೆ ಶಕ್ತಿ ಇಲ್ಲವೆಂದಲ್ಲ, ಪಾಪ, ಅದಕ್ಕೆ ಉಸಿರು ಕಟ್ಟಿದೆ! ಸೈಲೆನ್ಸರ್ ಪೈಪು ಅಗಲವಾದರೆ ಹೊಗೆ ಸರಾಗ. ಹೊಗೆ ಸರಾಗವಾದರೆ ಎಂಜಿನ್ ಹಗುರ. ಎಂಜಿನ್ ಹಗುರಾದರೆ ಟಂಟಂ ಧೂಳೀಪಟ!

"ಪೈಪ್ ದೊಡ್ಡದಾದ್ರ ಪಿಕಪ್ ದೊಡ್ಡದು, ತಿಳೀತೇನು?" ಎಂದ ಹೆಂಡತಿಗೆ.

ಹೆಂಡತಿ ಪಂಚಶೀಲಾ, ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. "ಹಂಗಾದ್ರ ದೊಡ್ಡ ಮೂಗಿನವ್ರೆಲ್ಲ ಓಟದಾಗ ಫಸ್ಟ್ ಬರಬೇಕಾಗಿತ್ತಲ್ರಿ," ಅಂದಳು. "ರವಿವಾರ ನಮ್ಮ ಕಾವೇರಿ ನಿಶ್ಚಯ ಅದ. ಉಂಗುರ ನಮ್ಮ ಹತ್ರ, ಸೀರಿ ನಮ್ಮ ಹತ್ರ, ಬಜಾರ ಮಾಡಾಕ ಬಂದ ಅವ್ವನೂ ನಮ್ಮ ಹತ್ರ. ಹನ್ನೊಂದಕ್ಕ ಬೀಗರು ಬಂದು ಕುಂತಿರ್ತಾರ. ತಂಗಿ ಕಾರ್ಯ ಮುಗಿಯೂತನಕ ಆ ಗಾಡೀನ ಇದ್ದಂಗ ಇರಾಕ ಬಿಡ್ರಿ."

ಸುಮ್ಮನೆ ಇದ್ದವರು ಯಾರಾದರೂ ಚರಿತ್ರೆಯಲ್ಲಿ ಉಳಿದಿದ್ದಾರೆಯೇ? ಸುಧಾಕರ ನೆಟ್ಟಗೆ ಮೋಮಿನಪುರದ ಮಂಜೂರ್ ಮಿಸ್ತ್ರಿಯ ಗ್ಯಾರೇಜಿಗೆ ಹೋದ.

"ಎಷ್ಟು ಇಂಚ್ ಹಾಕ್ಲಿ, ಸಾಬ್?"

"ಮೂರು!"

ಮಂಜೂರ್ ನಟ್ಟು ತಿರುವುತ್ತಿದ್ದ ಪಾನಾ ಕೆಳಗಿಟ್ಟ. "ನಕ್ಕೋ ಸಾಬ್! ಮೂರು ಇಂಚ್ ದೊಡ್ಡ ಗಾಡೀಗಿ. ಈ ಸಣ್ಣ ಎಂಜಿನ್ ಹೊಗಿ ಬಿಡೂದಾದ್ರೂ ಎಷ್ಟು? ಸಣ್ಣ ಪೈಪಿನ್ಯಾಗ ಹೊಗಿ ಜೋರ್ ಓಡ್ತದ. ಓಡುವಾಗ ಹಿಂದಿನ ಹೊಗೀನೂ ಎಳಕೊಂಡು ಹೋಗ್ತದ. ಪೈಪ್ ಅಗಲ ಆತಂದ್ರ ಅದೇ ಹೊಗಿ ನವಾಬನಂಗ ಅಡ್ಡಾಡ್ಕೋತ ಹೊಂಡ್ತದ. ಫುಲ್ ರೇಸಿನ್ಯಾಗ ಚೂರು ಫಾಯಿದಾ ಇದ್ರೂ ಇರಬಹುದು. ಏರಿನ್ಯಾಗ ಮಾತ್ರ ದಮ್ ಖಲಾಸ್!"

"ಮಂಜೂರ್ ಭಾಯಿ, ನೀವು ಬರೇ ಪಾನಾ ಹಿಡದೀರಿ. ನಾ ಇಪ್ಪತ್ತಾರು ವಿಡಿಯೋ ನೋಡೀನಿ!"

ಇಪ್ಪತ್ತಾರು ವಿಡಿಯೋಗಳ ಮುಂದೆ ಮೂವತ್ತು ವರ್ಷದ ಅನುಭವ ಏನು ಮಾಡೀತು? ಮಂಜೂರ್ ನಿಟ್ಟುಸಿರು ಬಿಟ್ಟು ವೆಲ್ಡಿಂಗಿಗೆ ಕೂತ.

ಸಂಜೆ ಕಾರು ಗಲ್ಲಿಯೊಳಗೆ ಬಂತು. ಬಂತು ಅನ್ನುವುದಕ್ಕಿಂತ ಗುಡುಗಿತು ಅನ್ನಬೇಕು! ಕಿಟಕಿಗಳು ನಡುಗಿದವು. ಗೋಡೆಯ ಮೇಲಿನ ಬೆಕ್ಕು ಹಾರಿ ಎಲ್ಲಿ ಹೋಯಿತೋ, ಎರಡು ದಿನ ಪತ್ತೆಯಿಲ್ಲ. ಪಕ್ಕದ ಮನೆಯ ರೋಷನಬಿ ಹಪ್ಪಳದ ಲಟ್ಟಣಿಗೆ ಹಿಡಿದೇ ಓಡಿ ಬಂದಳು. "ಯಾ ಅಲ್ಲಾ! ಗಲ್ಲಿಯಾಗ ಹೆಲಿಕಾಪ್ಟರ್ ಇಳೀತೇನ್ರಿ?"

"ಕೇಳಿದೇನು ಶಕ್ತಿ?" ಸುಧಾಕರ ಎದೆಯುಬ್ಬಿಸಿದ.

ಪಂಚಶೀಲಾ ಕಿವಿಯಿಂದ ಬೆರಳು ತೆಗೆದಳು. "ಸಪ್ಪಳ ಕೇಳೀನಿ. ಶಕ್ತಿ ಇನ್ನಾ ನೋಡಿಲ್ಲ."

ರವಿವಾರ ಒಂಬತ್ತೂವರೆಗೆ ಸವಾರಿ ಹೊರಟಿತು. ಮುಂದೆ ಪಂಚಶೀಲಾ, ಹಿಂದೆ ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡ ಅತ್ತೆ ಕಸ್ತೂರಿಬಾಯಿ. ಸಪಾಟು ರಸ್ತೆಯಲ್ಲಿ ಕಾರು ಹೇಗೋ ಓಡಿತು. ಮಾತು ಮಾತ್ರ ಓಡಲಿಲ್ಲ.

"ಅತ್ತಿ, ಆರಾಮ್ ಅದೇನ್ರಿ?" ಸುಧಾಕರ ಕೂಗಿದ.

"ಬದಾಮ್ ಏನ್ರಿ? ಚೀಲದಾಗ ಅವ! ಇಳದ ಮ್ಯಾಲ ಕೊಡ್ತೀನಿ!"

ಆಮೇಲೆ ಆ ಏರು ಬಂತು. ಸುಧಾಕರ ಎಕ್ಸಿಲರೇಟರ್ ಒತ್ತಿದ. ಕಾರು ಸಿಂಹದಂತೆ ಗರ್ಜಿಸಿ ಆಮೆಯಂತೆ ಹೆಜ್ಜೆ ಇಟ್ಟಿತು. ನಾಲ್ಕನೇ ಗೇರು ಮೂರಾಯಿತು, ಮೂರು ಎರಡಾಯಿತು, ಎರಡು ಒಂದಾಯಿತು. ಒಂದಕ್ಕಿಂತ ಕೆಳಗೆ ಗೇರೇ ಇಲ್ಲವಲ್ಲ! ಕಡೆಗೆ ಅವನು ಹಲ್ಲು ಕಿರಿದ. "ಅತ್ತಿ, ಸ್ವಲ್ಪ ಇಳೀತೀರೇನ್ರಿ? ಭಾರ ಕಡಿಮಿ ಆಗ್ತದ."

ಅತ್ತೆ ಇಳಿದರು. ಎರಡು ನಿಮಿಷಕ್ಕೆ ಹೆಂಡತಿಯೂ ಇಳಿದಳು. ತಾಯಿ ಮಗಳು ಕಾರಿನ ಪಕ್ಕ ನಡೆದರು. ಆಮೇಲೆ ಕಾರಿನ ಮುಂದೆ ನಡೆದರು. ಆಮೇಲೆ ನಿಂತು ಕಾರಿಗಾಗಿ ಕಾದರು.

"ಅಳಿಯಂದ್ರ," ಅಂದರು ಕಸ್ತೂರಿಬಾಯಿ, "ಒಲಿ ಊದೂ ಊದಗೊಳವಿ ಸಣ್ಣದ್ಯಾಕಿರ್ತದ ಗೊತ್ತದೇನ್ರಿ? ಮೋರಿ ಪೈಪಿಲೆ ಊದಿದ್ರ ಊದಿದವನ ಮಾರಿ ಕೆಂಪಗಾಗ್ತದ, ಒಲಿ ಹತ್ತಂಗಿಲ್ಲ!"

ಸುಧಾಕರನ ಮಾರಿ ಆಗಲೇ ಕೆಂಪಗಾಗಿತ್ತು. ಸಾಲಿ ಕಲಿಯದ ಅತ್ತೆ ಒಂದೇ ಮಾತಿನಲ್ಲಿ ಇಪ್ಪತ್ತಾರು ವಿಡಿಯೋ ಅಳಿಸಿಹಾಕಿದ್ದರು! ಅವಮಾನದ ರೋಷದಲ್ಲಿ ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದ. ಕ್ಲಚ್ ಸುಟ್ಟ ವಾಸನೆ ಬಂತು, ಕಾರು ನಿಂತೇಬಿಟ್ಟಿತು. ಗಂಟೆ ಹನ್ನೊಂದು.

ಅಷ್ಟರಲ್ಲಿ ಪಂಚಶೀಲಾಳ ತಮ್ಮ ವಿಶ್ವಾಸನ ಫೋನು. "ಅಕ್ಕಾ, ಎಲ್ಲಿದ್ದೀರಿ? ಅರ್ಧ ತಾಸಿನಿಂದ ಬರೇ ಸಪ್ಪಳ ಬರಾಕತ್ತದ, ನೀವು ಬರವಲ್ರಿ! ಹೆಣ್ಣಿನ ಕಡೇವ್ರು ಲಾರಿ ತುಂಬ ಮಂದಿ ತರಾಕತ್ತಾರಂತ ಬೀಗರು ಗಾಬರಿ ಆಗ್ಯಾರ. ಅಡಗಿಯವ ಇನ್ನೊಂದು ಡಬರಿ ಅನ್ನಕ್ಕ ಇಟ್ಟಾನ!"

ಕೊನೆಗೆ ಕೈಹಿಡಿದದ್ದು ಕೆಂಪು ಬಾಳೆಗೊನೆ ಹೇರಿಕೊಂಡು ಬಂದ ಟ್ರ್ಯಾಕ್ಟರ್. ಹನ್ನೆರಡಕ್ಕೆ ಕಮಲಾಪುರದ ಮನೆ ಮುಂದೆ ಮೆರವಣಿಗೆ ಬಂದು ನಿಂತಿತು. ಬಾಳೆಗೊನೆಗಳ ನಡುವೆ ಸೀರೆಯ ಚೀಲ ಅಪ್ಪಿಕೊಂಡು ತಾಯಿ ಮಗಳು, ಅವರ ಹಿಂದೆ ಹಗ್ಗ, ಹಗ್ಗದ ತುದಿಗೆ ಕಾರು, ಕಾರಿನೊಳಗೆ ತಲೆ ತಗ್ಗಿಸಿದ ಸುಧಾಕರ.

"ಲಾರಿ ಎಲ್ಲಿ?" ಎಂದು ಯಾರೋ ಕೇಳಿದರು. ವಿಶ್ವಾಸ ಹಗ್ಗದ ತುದಿಯ ಕಾರಿನತ್ತ ಬೆರಳು ತೋರಿಸಿದ.

ಸೀರೆ ಕೊಟ್ಟದ್ದಾಯಿತು, ಉಂಗುರ ತೊಡಿಸಿದ್ದಾಯಿತು. ಸಕ್ಕರೆ ಹಂಚಬೇಕು ಅನ್ನುವಾಗ ಹುಡುಗನ ತಂದೆ ಮಾಪಣ್ಣ ಗಂಟಲು ಸರಿಮಾಡಿಕೊಂಡರು. "ಎಲ್ಲಾ ಬರೋಬ್ಬರಿ ಆತು. ಆದ್ರ, ಕಾರಿನ ವಿಷಯ ಒಂದು ಮಾತಾಡೂದು ಅದ."

ವರದಕ್ಷಿಣೆ ಏನೂ ಬೇಡ, ಹುಡುಗಿ ಸಾಕು ಅಂದಿದ್ದ ಜನ! ಕಸ್ತೂರಿಬಾಯಿ ಸಕ್ಕರೆಯ ತಾಟು ಕೆಳಗಿಟ್ಟರು. ಕಾವೇರಿಯ ಕಣ್ಣು ತುಂಬಿದವು. ಕಾರೆಲ್ಲಿಂದ ತರುವುದು ಎಂದು ವಿಶ್ವಾಸ ಅಕ್ಕನ ಮುಖ ನೋಡಿದ. ತಾನು ಒಂದು ತಾಸು ಕಾಯಿಸಿದ ಸಿಟ್ಟೇ ಇದು ಎಂದುಕೊಂಡ ಸುಧಾಕರ. ಎದ್ದು ಕೈಮುಗಿದ.

"ಹಿರ್ಯಾರ, ತಪ್ಪು ನಂದು. ನನ್ನ ಹುಚ್ಚಿನಿಂದ ತಡ ಆತು. ಅದಕ್ಕ ನನಗ ನಾಲ್ಕು ಬೈರಿ. ಹುಡುಗಿ ಮನಿಯವ್ರಿಗಿ ಮಾತ್ರ ಕಾರ್ ಕೇಳಬ್ಯಾಡ್ರಿ!"

ಮಾಪಣ್ಣ ಕಣ್ಣು ಕಣ್ಣು ಬಿಟ್ಟರು. "ಕಾರ್ ಯಾರು ಕೇಳಾಕತ್ತಾರ್ರಿ? ನಾ ಹೇಳೂದು, ಮದುವಿಗಿ ನೀವು ಆ ಕಾರ್ ತರಬ್ಯಾಡ್ರಿ! ನಮ್ಮ ಅವ್ವಗ ಎದಿ ಬ್ಯಾನಿ ಅದ!"

ಮನೆಯ ಮಾಡು ಹಾರಿಹೋಗುವಂತೆ ನಗೆ ಎದ್ದಿತು. ಕಾವೇರಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ಲಗ್ನದ ಕಾರ್ಡಿನ್ಯಾಗ ಅಚ್ಚು ಹಾಕಿಸೇ ಬಿಡ್ತೀವ್ರಿ," ಅಂದಳು ಪಂಚಶೀಲಾ.

ತಮಾಷೆಗೆ ಅಂದಳೆಂದು ಸುಧಾಕರ ತಿಳಿದಿದ್ದ. ಮುಂದಿನ ತಿಂಗಳು ಪ್ರೆಸ್ಸಿನಿಂದ ಕಾರ್ಡಿನ ಪ್ರೂಫ್ ಬಂತು. 'ಉಡುಗೊರೆ ತರಬಾರದಾಗಿ ವಿನಂತಿ' ಎಂಬುದರ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ಶ್ರೀ ಸುಧಾಕರ ಅವರು ಬಸ್ಸಿನಲ್ಲಿ ಬರತಕ್ಕದ್ದು.'

ಅದನ್ನು ತಿದ್ದುವ ಕೆಲಸ ಹೆಂಡತಿ ಅವನಿಗೇ ಕೊಟ್ಟಿದ್ದಳು. ಎರಡೆರಡು ಸಲ ಓದಿದ. ಒಂದು ತಪ್ಪೂ ಸಿಗಲಿಲ್ಲ.