ಮಧ್ಯಂತರದವರೆಗೆ ಮಾತ್ರ ಖಾತ್ರಿ

ಯಾವ ಸಿನಿಮಾ ನೋಡಬೇಕು, ಯಾವುದನ್ನು ನೋಡಬಾರದು ಎಂಬ ವಿಷಯದಲ್ಲಿ ಬೈಲಹೊಂಗಲದ ನಮ್ಮ ಓಣಿಗೆ ನನ್ನ ಮಾತೇ ಕೊನೆಯ ಮಾತಾಗಿತ್ತು. ಬಡಾಯಿ ಕೊಚ್ಚುತ್ತಿಲ್ಲ. ಕಳೆದ ವರ್ಷ ಒಂದು ರವಿವಾರ ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷದವರೆಗೆ ಪರಿಸ್ಥಿತಿ ಹಾಗೆಯೇ ಇತ್ತು.

ನಾನು ನಿವೃತ್ತ ಹೆಡ್‌ಮಾಸ್ತರ. ಮುಂಬಯಿಯಲ್ಲಿ ಮನೆಯೊಳಗೇ ಸಿನಿಮಾ ತೋರಿಸುವ ಪೆಟ್ಟಿಗೆ ಬಂದಿದೆಯಂತೆ. ಅದರಲ್ಲಿ ಜನರನ್ನು ನಗಿಸಲೆಂದೇ ನಾಟಕ ಆಡುತ್ತಾರಂತೆ. ನಮ್ಮ ಊರಿಗೆ ಅಂಥ ಭಾಗ್ಯವಿಲ್ಲ. ಇರುವುದು ಒಂದು ಥಿಯೇಟರು, ಶುಕ್ರವಾರಕ್ಕೊಂದು ಹೊಸ ಚಿತ್ರ. ಶುಕ್ರವಾರ ಮಧ್ಯಾಹ್ನ ಮೂರರ ಆಟಕ್ಕೆ ನಾನು ಕೋಟು, ಟೋಪಿ ಹಾಕಿಕೊಂಡು ಹೋಗುತ್ತೇನೆ. ಸಂಜೆ ಮನೆಯ ಕಟ್ಟೆಗೆ ಹೊಂದಿದ ಗೋಡೆಯ ಕರಿಹಲಗೆಯ ಮೇಲೆ ತೀರ್ಪು ಬರೆಯುತ್ತೇನೆ. ‘ನೋಡಬಹುದು’ ಅಥವಾ ‘ನೋಡಬಾರದು’. ಒಂದೇ ಶಬ್ದ. ಅದನ್ನು ಓದಿಯೇ ಓಣಿಯ ಗಂಡಸರು ಹೆಂಡಿರನ್ನು ಕರೆದುಕೊಂಡು ಹೋಗುತ್ತಿದ್ದರು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ನಾಲ್ಕೂವರೆಗೆ ನನ್ನ ಚಹಾ, ಐದಕ್ಕೆ ನಡಿಗೆ, ಆರೂವರೆಗೆ ಪೂಜೆ. ಮೂವತ್ತು ವರ್ಷದಿಂದ ಈ ವೇಳಾಪತ್ರಿಕೆ ಒಂದು ನಿಮಿಷವೂ ಅತ್ತಿತ್ತ ಆಗಿಲ್ಲ. ಮೂರರ ಆಟದ ಮಧ್ಯಂತರ ನಾಲ್ಕೂ ಕಾಲಿಗೆ. ಆದ್ದರಿಂದ ನಾನು ಮಧ್ಯಂತರಕ್ಕೆ ಎದ್ದು ಬರುತ್ತಿದ್ದೆ. ಪ್ರತಿ ಚಿತ್ರಕ್ಕೂ!

ಅರ್ಧ ನೋಡಿದರೆ ಸಾಕಲ್ಲವೇ? ಉತ್ತರಪತ್ರಿಕೆಯ ಮೊದಲ ಪುಟ ನೋಡಿದರೆ ಹುಡುಗ ಪಾಸೋ ನಪಾಸೋ ನನಗೆ ತಿಳಿಯುತ್ತಿತ್ತು. ಆದರೆ ಈಗಿನ ಚಿತ್ರಗಳ ಬಗ್ಗೆ ನನಗೆ ತುಂಬ ಬೇಸರವಿತ್ತು. ಎಲ್ಲದರಲ್ಲಿಯೂ ದುಷ್ಟರೇ ಗೆಲ್ಲುತ್ತಾರೆ. ಒಳ್ಳೆಯವನು ಜೈಲಿಗೆ ಹೋಗುತ್ತಾನೆ, ತಾಯಿಗೆ ಕಣ್ಣು ಹೋಗುತ್ತದೆ, ಅಣ್ಣ ತಮ್ಮ ಜಾತ್ರೆಯಲ್ಲಿ ಅಗಲುತ್ತಾರೆ. ಮುಗಿಯಿತು, ದೀಪ ಹತ್ತುತ್ತದೆ. ಇದರಿಂದ ಸಮಾಜಕ್ಕೆ ಏನು ನೀತಿ? ಈ ಬಗ್ಗೆ ವಾಚನಾಲಯದಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದ್ದೇನೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಅರ್ಧಕ್ಕರ್ಧ ಜನ ನನ್ನ ಶಿಷ್ಯರು. ಎದ್ದು ನಿಂತು ‘ಸರ್, ಅದು ಅರ್ಧ ಕಥಿ’ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನಗೆಚಿತ್ರಗಳನ್ನು ಮಾತ್ರ ನಾನು ಧಾರಾಳವಾಗಿ ಪಾಸು ಮಾಡುತ್ತಿದ್ದೆ.

ಇನ್ನು ಆ ರವಿವಾರದ ವಿಷಯ. ನನ್ನ ಒಬ್ಬಳೇ ಮಗಳು ಸುಮಂಗಲಾ ಏಳು ತಿಂಗಳ ಬಸುರಿಯಾಗಿ ರಾಮದುರ್ಗದಿಂದ ಬಂದಿದ್ದಳು. ಸೋಮವಾರ ಸೀಮಂತದ ಕುಬಸ ಮಾಡಿ, ಹೆರಿಗೆಯವರೆಗೆ ತವರಿನಲ್ಲಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಜೊತೆಗೆ ಅವಳ ಅತ್ತೆ, ನಮ್ಮ ಬೀಗತಿ ನೀಲಗಂಗವ್ವನವರು ಬಂದಿದ್ದರು. ಇನ್‌ಸ್ಪೆಕ್ಟರರು ತಪಾಸಣೆಗೆ ಬಂದಾಗಲೂ ಅಲುಗಾಡದ ನಾನು ಆ ತಾಯಿಯ ಮುಂದೆ ಕೈಕಟ್ಟಿ ನಿಲ್ಲುತ್ತೇನೆ. ಅವರು ಬಂದ ದಿನವೇ ನಮ್ಮ ಪಡಸಾಲೆಯ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿಸಿದರು. ಅದರಲ್ಲಿ ರಾಕ್ಷಸನ ಚಿತ್ರವಿತ್ತು. ಬಸುರಿ ಹೆಂಗಸು ಅಂಜುವಂಥದ್ದನ್ನು ನೋಡಬಾರದು ಎಂಬುದು ಅವರ ಮನೆತನದ ಕಟ್ಟುನಿಟ್ಟು. ಕ್ಯಾಲೆಂಡರು ತಿರುಗಿದ್ದರಿಂದ ಆ ವಾರ ನನಗೆ ತಿಥಿ ಸಹ ತಿಳಿಯಲಿಲ್ಲ.

ಬಯಕೆ ಏನೆಂದು ಕೇಳಿದರೆ ನನ್ನ ಮಗಳು ಹೋಳಿಗೆ ಕೇಳಲಿಲ್ಲ, ಹುಣಸೆಕಾಯಿ ಕೇಳಲಿಲ್ಲ. ಸಿನಿಮಾ ಕೇಳಿದಳು. ಬೀಗತಿ ನನ್ನತ್ತ ತಿರುಗಿದರು.

“ಬೀಗರ, ನೀವು ನೋಡಿ ಬರ್ರಿ. ನಗೂದಿದ್ರ ಹೋಗೋಣು. ಆದ್ರ ಪೋರಿ ಒಮ್ಮೆ ಅಂಜಿದ್ಲಂದ್ರ ಕುಬಸಾ ಮುಗಿಸಿ ಹಂಗ ಬಸ್ಸಿಗೆ ಹತ್ತಸತೇನಿ. ಬಾಣಂತನಾ ನಮ್ಮಲ್ಲೇ.”

ನನ್ನ ಹೆಂಡತಿ ಶಾಂತವ್ವನ ಕೈಯಲ್ಲಿದ್ದ ತಟ್ಟೆ ಸದ್ದು ಮಾಡಿತು. ಎರಡು ತಿಂಗಳಿಂದ ಅವಳು ತುಪ್ಪ ಕಾಸಿ, ಬಾಣಂತಿಯ ಉಂಡಿಗೆ ಅಂಟು ತರಿಸಿ, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದಿದ್ದಳು. ಚೊಚ್ಚಲ ಬಾಣಂತನ ತವರಿನಿಂದ ತಪ್ಪಿದರೆ ಅವಳು ಓಣಿಯಲ್ಲಿ ತಲೆಯೆತ್ತುವಂತಿಲ್ಲ. ನಾನಂತೂ ಮನೆಯಲ್ಲಿ ತಲೆಯೆತ್ತುವಂತೆಯೇ ಇಲ್ಲ.

ಶುಕ್ರವಾರ ಹೋಗಿ ನೋಡಿದೆ. ಅಪ್ಪಟ ನಗೆಚಿತ್ರ. ಒಬ್ಬ ಜುಗ್ಗ ದೇಸಾಯಿ, ಅವನ ಹಳೆಯ ವಾಡೆ, ಕಿವುಡನಂತೆ ನಟಿಸುವ ಅಡುಗೆಯವನು. ದೇಸಾಯಿ ಉಪ್ಪು ಕೇಳಿದರೆ ಇವನು ಚಪ್ಪಲಿ ತರುತ್ತಾನೆ. ನಾನು ಎರಡು ಸಲ ನಕ್ಕೆ. ಮಧ್ಯಂತರಕ್ಕೆ ಮುಂಚೆ ದೇಸಾಯಿಯ ಸತ್ತ ಹೆಂಡತಿಯ ಫೋಟೋ ತಾನಾಗಿಯೇ ಗೋಡೆಯಿಂದ ಬಿತ್ತು. ಮೊಳೆ ಸರಿಯಾಗಿ ಹೊಡೆದಿಲ್ಲ ಎಂದುಕೊಂಡು ಎದ್ದು ಬಂದೆ. ‘ನೋಡಬಹುದು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.

ರವಿವಾರ ಮೂವರು ಹೆಂಗಸರು ಚುರುಮರಿ ಬುಟ್ಟಿ ಕಟ್ಟಿಕೊಂಡು ಮೂರರ ಆಟಕ್ಕೆ ಹೋದರು. ನಾನು ಮನೆಯಲ್ಲಿ ನಿಶ್ಚಿಂತನಾಗಿ ಚಹಾಕ್ಕೆ ನೀರಿಟ್ಟೆ. ಆಗ ಬಂದವನು ಓಣಿಯ ಶಿಂಪಿಗ ರಾಮಣ್ಣ. ಕುಬಸಕ್ಕೆ ಹೊಲಿದ ಜಂಪರು ತಂದಿದ್ದ. ಇವನು ಪ್ರತಿ ಚಿತ್ರವನ್ನೂ ಮೂರು ಸಲ ನೋಡುವ ಮನುಷ್ಯ. ಹೆಂಗಸರೆಲ್ಲಿ ಎಂದು ಕೇಳಿದ, ಸಿನಿಮಾಕ್ಕೆ ಎಂದೆ. ಅವನ ಮುಖ ಯಾಕೋ ಬಿಳಿಚಿತು.

“ತಂಗೆವ್ವಾನೂ ಹೋಗ್ಯಾಳೇನ್ರಿ ಸರ್?”

“ಆಕೀ ಸಲುವಾಗೇ ಹೋಗಿದ್ದು. ಯಾಕ?”

“ಮಧ್ಯಂತರ ಆದ ಮ್ಯಾಲ ಬಾವ್ಯಾಗಿಂದ ಎದ್ದು ಬರತಾಳ್ರಿ.”

“ಯಾರು?”

“ಫೋಟೋದಾಕಿ.”

ಗಡಿಯಾರ ನೋಡಿದೆ. ನಾಲ್ಕು ಇಪ್ಪತ್ತು. ಬಾವಿ, ಮಗಳು, ಬೀಗತಿ, ರಾಮದುರ್ಗದ ಬಸ್ಸು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಕೋಟಿಲ್ಲದೆ, ಟೋಪಿಯಿಲ್ಲದೆ ಓಡಿದೆ. ನನ್ನನ್ನು ಬರಿದಲೆಯಲ್ಲಿ ಕಂಡರಿಯದ ಬಜಾರದ ಜನ ಅಂಗಡಿಯಿಂದ ಇಳಿದು ನಿಂತರು. ಯಾರದೋ ಹೆಣ ಎತ್ತುತ್ತಾರೆಂದು ತಿಳಿದು ಇಬ್ಬರು ನನ್ನ ಹಿಂದೆಯೂ ಬಂದರು.

ಥಿಯೇಟರಿನ ಗೇಟಿಗೆ ನಿಂತವನು ನನ್ನ ಶಿಷ್ಯ ಹುಸೇನಸಾಬ. ಮಧ್ಯಂತರ ಮುಗಿದು ಬಾಗಿಲು ಹಾಕಿತ್ತು. ಟಿಕೀಟು ಕೇಳಿದ. ಮಗಳು ಒಳಗಿದ್ದಾಳೆ, ಬಿಡು ಎಂದೆ.

“ನೇಮಂದ್ರ ನೇಮ, ಹಡೆದ ತಂದಿ ಬಂದ್ರೂ ಬಿಡಬಾರದು ಅಂತ ನೀವ ಕಲಿಸೀರಿ ಸರ್. ಸಾಲ್ಯಾಗ, ನಾಲ್ಕನೇತ್ತಾದಾಗ.”

ಎಂಥ ವಿದ್ಯಾರ್ಥಿ! ಅಂದು ಅವನಿಗೆ ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ. ಕೊನೆಗೆ ಅವನೇ ಒಂದು ದಾರಿ ತೋರಿಸಿದ. ಮಸಿ ಬಳಿದ ಗಾಜಿನ ಚೂರಿನ ಮೇಲೆ ಸೂಜಿಯಿಂದ ಗೀಚಿಕೊಟ್ಟರೆ ಚಿತ್ರ ನಿಲ್ಲಿಸಿ ಪರದೆಯ ಮೇಲೆ ತೋರಿಸುತ್ತಾರಂತೆ. ಹೆಂಗಸರ ಹೆಸರನ್ನು ಊರಿಗೆಲ್ಲ ಪ್ರದರ್ಶಿಸುವುದು ಸಭ್ಯತೆಯಲ್ಲವೆಂದು ಯೋಚಿಸಿ, ಆ ಅವಸರದಲ್ಲಿಯೂ ಅಕ್ಷರ ದುಂಡಾಗಿರುವಂತೆ ನೋಡಿಕೊಂಡು ಹೀಗೆ ಬರೆದೆ: ‘ರಾಮದುರ್ಗದಿಂದ ಬಂದ ಬೀಗರು ಗಾಬರಿಯಾಗದೆ ಕೂಡಲೇ ಹೊರಗೆ ಬರತಕ್ಕದ್ದು.’

ಆ ದಿನ ಊರಿನಲ್ಲಿ ಎರಡು ಮದುವೆಗಳಿದ್ದವು. ಎರಡೂ ಕಡೆಯ ಬೀಗರು ರಾಮದುರ್ಗದವರು. ಊಟ ಮುಗಿಸಿ ಅಷ್ಟೂ ಜನ ಸಿನಿಮಾಕ್ಕೆ ಬಂದಿದ್ದರು. ಇದು ನನಗೆ ಹೇಗೆ ತಿಳಿಯಬೇಕು?

ಬಾವಿಯ ದಂಡೆಯ ಮೇಲೆ ಒಂದು ಬಿಳಿ ಕೈ ಕಾಣಿಸಿದ ಹೊತ್ತಿಗೇ ನನ್ನ ಗಾಜು ಪರದೆಯ ಮೇಲೆ ಬಂತಂತೆ. ಒಳಗೆ ಒಮ್ಮೆಲೇ ಕೂಗು ಎದ್ದಿತು. ಬಾಗಿಲು ತೆರೆದು ಮೂವತ್ತು ಜನ ಹೊರಗೆ ನುಗ್ಗಿದರು. ಅಣ್ಣನಿಗೆ ಏನಾಯಿತೆಂದು ಒಬ್ಬ ಮುದುಕ ಅಳತೊಡಗಿದ. ಮನೆಗೆ ಬೆಂಕಿ ಬಿತ್ತೇ ಎಂದು ಇನ್ನೊಬ್ಬ ಕೇಳಿದ. ಯಾರೂ ಸತ್ತಿಲ್ಲ, ಎಲ್ಲಿಯೂ ಬೆಂಕಿ ಬಿದ್ದಿಲ್ಲ ಎಂದು ನಾನು ಘೋಷಿಸಿದೆ. ಹಾಗಾದರೆ ಕರೆದದ್ದು ಯಾಕೆ ಎಂದರು. ನಾನು ಅವರ ಬೆನ್ನ ಹಿಂದೆ ಇಣುಕಿ ಹುಡುಕಿದೆ. ಅಷ್ಟು ಜನರಲ್ಲಿ ನನ್ನ ಬೀಗತಿ ಮಾತ್ರ ಇರಲಿಲ್ಲ. ಆಮೇಲೆ ತಿಳಿಯಿತು: ಗಾಜನ್ನು ಓದಿದ ಕೂಡಲೇ ಶಾಂತವ್ವ, “ಬರತಕ್ಕದ್ದು ಅಂತ ಬರಿಯಾವರು ನಮ್ಮನಿಯವರು ಒಬ್ಬರ. ಏನೂ ಆಗಿಲ್ಲ, ಕುಂತ್ಕೋರಿ” ಎಂದು ಅವರನ್ನು ಕೂಡಿಸಿದ್ದಳಂತೆ.

ಗೇಟು ಖಾಲಿಯಾಗಿತ್ತು. ನುಸುಳಿದೆ.

ಒಳಗೆ ಮತ್ತೆ ಕತ್ತಲು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಅದನ್ನು ಹಿಡಿದು ತಡವುತ್ತ, ‘ಸುಮಾ, ಸುಮಾ’ ಎಂದು ಮೆಲ್ಲಗೆ ಕರೆಯುತ್ತ ಮುಂದೆ ಹೋದೆ. ಪರದೆಯ ಕಡೆ ನೋಡಬಾರದೆಂದು ನಿರ್ಧರಿಸಿದ್ದೆ. ದೆವ್ವ ಎಂಬುದಿಲ್ಲ, ಅದು ಮನಸ್ಸಿನ ಭ್ರಮೆ ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಆದರೆ ಆ ವರ್ಷಗಳಲ್ಲೆಲ್ಲ ಕತ್ತಲಾದ ಮೇಲೆ ಹಿತ್ತಲಿಗೆ ಹೋಗುವಾಗ ಕಂದೀಲಿನ ಜೊತೆ ಶಾಂತವ್ವನನ್ನೂ ಒಯ್ಯುತ್ತಿದ್ದೆ ಎಂಬುದು ಪಾಠದಲ್ಲಿ ಇರಲಿಲ್ಲ.

ಎಲ್ಲೋ ಗೆಜ್ಜೆ ಸಪ್ಪಳವಾಯಿತು. ಕತ್ತು ತಾನಾಗಿಯೇ ತಿರುಗಿತು. ಗೋಡೆಯಷ್ಟು ದೊಡ್ಡ ಮುಖ, ಕೆದರಿದ ಕೂದಲು, ಬಿಳಿ ಕಣ್ಣು, ಮತ್ತು ಆ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿತ್ತು!

“ಯವ್ವಾ, ಸತ್ನೆವಾ!”

ಇದು ನನ್ನ ಧ್ವನಿ. ಮುಂದಿನ ಕ್ಷಣ ನಾನು ಆ ಗೋಡೆ ದಾಟಿ ಹೆಂಗಸರ ಕಡೆ ಬಿದ್ದಿದ್ದೆ. ಬಿದ್ದದ್ದು ಚುರುಮರಿ ಬುಟ್ಟಿಯಲ್ಲಿ. ಬುಟ್ಟಿ ಇದ್ದದ್ದು ನೀಲಗಂಗವ್ವನವರ ಕಾಲ ಬಳಿ. ಚಿತ್ರ ನಿಂತಿತು, ದೀಪ ಹತ್ತಿತು. ಬಾವಿಯಿಂದ ಎದ್ದವಳನ್ನು ಬಿಟ್ಟು ಇಡೀ ಥಿಯೇಟರು ನನ್ನನ್ನು ನೋಡಿತು.

ಮಗಳು ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು. ಹತ್ತಿರ ಹೋಗಿ ನೋಡಿದರೆ ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ, ಉಸಿರು ಸಿಗದಂತೆ ನಗುತ್ತಿದ್ದಳು.

“ಅತ್ತ್ಯಾರ, ಅಂಜಿದ್ದು ನಾ ಅಲ್ರಿ. ಅಪ್ಪಾರು,” ಎಂದಳು.

ಬೀಗತಿ ನನ್ನ ತಲೆಯ ಮೇಲಿನ ಚುರುಮರಿ ನೋಡಿ, ತಮ್ಮ ಸೀರೆಯ ಮೇಲಿನದನ್ನು ಕೊಡವಿಕೊಂಡರು. ರಾಮದುರ್ಗದ ಬಸ್ಸಿನ ಹಾರ್ನು ನನಗೆ ಅಲ್ಲಿಯೇ ಕೇಳಿಸತೊಡಗಿತು.

“ಪೋರಿ ಇಲ್ಲೇ ಇರ್ಲಿ ಬಿಡ್ರಿ, ಶಾಂತವ್ವ,” ಎಂದರು ಕೊನೆಗೆ. “ಇವರ್ನ ನೋಡಿಕೊಳ್ಳಾಕ ನಿಮಗ ಒಬ್ಬಾಕಿಗೇ ಆಗೂದಿಲ್ಲ.”

ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂತೋಷಕ್ಕೋ ನಾಚಿಕೆಗೋ ನಾನು ವಿಚಾರಿಸಲಿಲ್ಲ.

ಉಳಿದ ಚಿತ್ರವನ್ನು ನನಗೆ ಹೆಂಗಸರ ಕಡೆಯೇ, ನೆಲದ ಮೇಲೆ, ಇಬ್ಬರು ಬೀಗತಿಯರ ನಡುವೆ ಕೂಡಿಸಿ ತೋರಿಸಲಾಯಿತು. ದೆವ್ವವೆಂದರೆ ಸೀರೆ ಉಟ್ಟ ಆ ಅಡುಗೆಯವನೇ. ದೇಸಾಯಿಗೆ ಬುದ್ಧಿ ಬಂತು, ವಾಡೆಗೆ ನುಗ್ಗಿದ ಕಳ್ಳರು ಸಿಕ್ಕಿಬಿದ್ದರು. ನಾನು ಆಶ್ಚರ್ಯದಿಂದ ನೋಡಿದೆ. ಮನೆಗೆ ಬರುವಾಗ ದಾರಿಯಲ್ಲಿ ಶಾಂತವ್ವನನ್ನು ಮೆಲ್ಲಗೆ ಕೇಳಿದೆ, ಹೋದ ದೀಪಾವಳಿಗೆ ನೋಡಿದ ಚಿತ್ರದ ಆ ತಾಯಿಯ ಗತಿ ಏನಾಯಿತೆಂದು.

“ಕಣ್ಣು ಬರತಾವ್ರಿ.”

“ಆ ಜೈಲಿಗೆ ಹೋದಾಂವ?”

“ಬಿಡುಗಡಿ ಆಗತಾನ. ಮದುವಿನೂ ಆಗತೈತಿ.”

ಅವರೆಲ್ಲರಿಗಾಗಿ ನಾನು ಎಷ್ಟು ವರ್ಷ ವ್ಯಥೆಪಟ್ಟಿದ್ದೆ! ಅಂದು ನನ್ನ ಚಹಾ ಏಳೂ ಹತ್ತಕ್ಕೆ ಆಯಿತು. ಒಲೆಯ ಮೇಲೆ ಬಿಟ್ಟುಹೋದ ಪಾತ್ರೆ ನೀರು ಆರಿ ತಳ ಸುಟ್ಟಿತ್ತು.

ಮರುದಿನ ಕುಬಸಕ್ಕೆ ಬಂದ ಓಣಿಯ ಹೆಂಗಸರೆಲ್ಲ ಕರಿಹಲಗೆಯ ಮುಂದೆ ನಿಂತು ಬಾಯಿಗೆ ಸೆರಗು ಹಚ್ಚಿಕೊಳ್ಳುತ್ತಿದ್ದರು. ಹೋಗಿ ನೋಡಿದೆ. ನನ್ನ ‘ನೋಡಬಹುದು’ ಹಾಗೆಯೇ ಇತ್ತು. ಎರಡು ಗೆರೆಗಳ ಕೆಳಗೆ ಮಗಳ ಅಕ್ಷರದಲ್ಲಿ ‘ಮಧ್ಯಂತರದವರೆಗೆ ಮಾತ್ರ ಖಾತ್ರಿ’ ಎಂದಿತ್ತು. ಅಕ್ಷರ ದುಂಡಾಗಿತ್ತು. ಅಳಿಸಲು ಮನಸ್ಸಾಗಲಿಲ್ಲ.

ಮುಂದಿನ ಶುಕ್ರವಾರ ಎಂದಿನಂತೆ ಕೋಟು, ಟೋಪಿ ಧರಿಸಿ ಹೋದೆ. ಮಧ್ಯಂತರಕ್ಕೆ ಎದ್ದು ಬಾಗಿಲಿಗೆ ಬಂದರೆ ಹುಸೇನಸಾಬ ಅಡ್ಡ ನಿಂತ. ಚಹಾದ ವೇಳೆ ಎಂದು ಗಡಿಯಾರ ತೋರಿಸಿದೆ.

“ರಾಮದುರ್ಗದ ಅಮ್ಮಾರ ಹುಕುಂ ಐತ್ರಿ ಸರ್. ಪೂರಾ ನೋಡಿದ ಮ್ಯಾಲೇ ಬಿಡು ಅಂದಾರ. ನೇಮಂದ್ರ ನೇಮ.”

ತಿರುಗಿ ಬಂದು ಕುಳಿತೆ. ದೀಪ ಆರಿತು. ಪರದೆಯ ಮೇಲೆ ಒಂದು ಹಳೆಯ ಬಾವಿ ಕಾಣಿಸಿತು. ನಾನು ಕೋಟಿನ ಗುಂಡಿ ಹಾಕಿಕೊಂಡು, ಟೋಪಿ ಸರಿಪಡಿಸಿ, ಬೆನ್ನು ನೆಟ್ಟಗೆ ಮಾಡಿ, ಶಿಸ್ತಾಗಿ ಎರಡೂ ಕಣ್ಣು ಮುಚ್ಚಿದೆ.