ಪರೀಕ್ಷೆಗೆ ಹೋದ ಟೈಪ್‌ರೈಟರ್

ಕೈಬರಹ ನೋಡಿ ಗುಣ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಕ್ಷರ ದುಂಡಗಿದ್ದವರು ಒಳ್ಳೆಯವರಂತೆ, ಸಾಲು ನೆಟ್ಟಗಿದ್ದವರು ನೆಟ್ಟಗೆ ಬಾಳುವವರಂತೆ, ಪೆನ್ನು ಹಿಡಿದು ನಿಧಾನವಾಗಿ ಬರೆದರೆ ಮನಸ್ಸು ತಾನಾಗಿಯೇ ಒಂದು ಕಡೆ ನಿಲ್ಲುತ್ತದಂತೆ. ಯಾರ ಮನಸ್ಸು ಸ್ವಾಮಿ? ನಿಮ್ಮದಿರಬಹುದು. ನನ್ನ ಮನಸ್ಸಿಗೂ ಪೆನ್ನಿಗೂ ಹುಟ್ಟಿದಾಗಿನಿಂದ ಮಾತುಕತೆ ಇಲ್ಲ. ನಾನು ಕಾಗದದ ಮೇಲೆ ಪೆನ್ನು ಊರಿದ ಕೂಡಲೇ ಅದು ಎದ್ದು ಹೊರಟುಬಿಡುತ್ತದೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಹೇಳುವುದೂ ಇಲ್ಲ. ಇದು ನನ್ನ ತಪ್ಪೆಂದು ನನ್ನ ಬಾಯಿಂದ ಒಪ್ಪಿಸಲು ಎಷ್ಟೋ ಜನ ಪಾಡು ಪಟ್ಟಿದ್ದಾರೆ. ನಾನು ಇವತ್ತಿನವರೆಗೂ ಒಪ್ಪಿಲ್ಲ.

ನಮ್ಮೂರು ಶಿರಂಗಾಲ. ಅಪ್ಪನಿಗೆ ಹೊಗೆಸೊಪ್ಪು, ರಾಗಿ. ಶಾಲೆಯ ಪಕ್ಕದಲ್ಲೇ ಹೊಳೆ. ಕಾಪಿ ಬರೆಯಲು ಕೂರಿಸಿದರೆ ‘ಕಾವೇ’ ಎಂದು ಬರೆಯುತ್ತಿದ್ದೆ. ‘ರಿ’ ಬರೆಯುವಷ್ಟರಲ್ಲಿ ಮನಸ್ಸು ಆಚೆ ದಡಕ್ಕೆ ಹೋಗಿ, ಅಲ್ಲಿ ಎಮ್ಮೆ ತೊಳೆಯುವವರ ಜಗಳ ಕೇಳಿ, ಯಾರು ಗೆದ್ದರೆಂದು ತಿಳಿದುಕೊಂಡು ಬರಬೇಕಾಗಿತ್ತು. “ಏನೇ ಪದ್ಮಾವತಿ, ಉಳಿದ ಅರ್ಧ ನದಿ ಎಲ್ಲಿ ಹೋಯ್ತು?” ಎಂದು ಮೇಷ್ಟ್ರು ಅಡಿಕೋಲಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಓಡಿಹೋದದ್ದು ಮನಸ್ಸು, ಏಟು ತಿಂದದ್ದು ಬೆರಳು. ಇದ್ಯಾವ ನ್ಯಾಯ ಎಂದು ಆಗ ಕೇಳಲು ಬರುತ್ತಿರಲಿಲ್ಲ. ಅವ್ವ ಮಾತ್ರ, “ಇವಳ ತಲೆ ಒಳಗೆ ಗುಬ್ಬಿ ಕೂತದೆ ಕಣ್ರೀ ಮೇಷ್ಟ್ರೇ, ಹೊಡುದ್ರೆ ಇನ್ನೂ ಹಾರ್ತದೆ” ಎಂದಿದ್ದಳು. ನನ್ನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಆಮೇಲೆ ಯಾರೂ ಆಡಲಿಲ್ಲ.

ಅಂತೂ ಇಂತೂ ಎಸ್ಸೆಸ್ಸೆಲ್ಸಿ ದಾಟಿದೆ. ಮಡಿಕೇರಿಯಲ್ಲಿದ್ದ ಸೋದರಮಾವ ನನ್ನನ್ನು ಕರೆದುಕೊಂಡು ಹೋಗಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ. ಅಲ್ಲಿ ಮೊದಲನೆಯ ದಿನವೇ ನನ್ನ ಬಾಳಿನಲ್ಲಿ ಒಂದು ಅದ್ಭುತ ನಡೆಯಿತು. ಕೀಲಿ ಒತ್ತಿದರೆ ಅಕ್ಷರ ‘ಟಕ್’ ಎಂದು ಬಾಯಿ ಬಿಟ್ಟು ಕೂಗುತ್ತಿತ್ತು. ಮನಸ್ಸು ಎಂದಿನಂತೆ ಎದ್ದು ಕಿಟಕಿಯ ಮೇಲೆ ಒಂದು ಕಾಲಿಟ್ಟಿತು. ಅಷ್ಟರಲ್ಲಿ ಸಾಲು ಮುಗಿಯಿತೆಂದು ಮಿಷನ್ನಿನ ಗಂಟೆ ‘ಟಿಣ್’ ಎಂದು ಬಾರಿಸಿತು. ಮನಸ್ಸು ತಿರುಗಿ ನೋಡಿತು. ಬಂದು ಕೂತಿತು. ಮುಂದಿನ ಸಾಲಿನಲ್ಲಿ ಮತ್ತೆ ಎದ್ದಿತು, ಮತ್ತೆ ಟಿಣ್, ಮತ್ತೆ ಬಂತು. ಪೆನ್ನು ಬಹಳ ಮರ್ಯಾದಸ್ಥ ವಸ್ತು. ಹೋದವರನ್ನು ಕೂಗಿ ಕರೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ಮರ್ಯಾದೆಯಲ್ಲ, ಗದ್ದಲ. ಸಂಜೆಯ ಹೊತ್ತಿಗೆ ಒಂದು ಪೂರ್ತಿ ಹಾಳೆ ಮುಗಿಸಿದ್ದೆ. ಒಂದು ಪೂರ್ತಿ ಹಾಳೆ! ಮನೆಗೆ ಬಂದು ಅತ್ತೆಗೆ ತೋರಿಸಿದರೆ, “ಎಲ್ಲ ಒಂದೇ ಅಕ್ಷರ ಅಲ್ವೇ ಇದು?” ಎಂದರು. ಇರಲಿ, ಅಷ್ಟೂ ಅಕ್ಷರ ಹೊಡೆಯುವ ತನಕ ನಾನು ಅಲ್ಲೇ ಇದ್ದೆನಲ್ಲ.

ಹೀಗೆ ಪೊನ್ನಂಪೇಟೆಯ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಕೊಡಗು ಮೈಸೂರಿಗೆ ಸೇರಿದ ಹೊಸತು. ದಾಸ್ತಾನಿದ್ದ ಕಾಗದಗಳ ನೆತ್ತಿಯ ಮೇಲೆ ಅಚ್ಚಾಗಿದ್ದ ಹಳೆಯ ರಾಜ್ಯದ ಹೆಸರನ್ನು ಸಾಲಾಗಿ ಎಕ್ಸ್ ಒತ್ತಿ ಹೊಡೆದುಹಾಕಿ, ಕೆಳಗೆ ಹೊಸ ಹೆಸರು ಒತ್ತುವುದೇ ನನಗೆ ವಹಿಸಿದ ಮೊದಲ ಕೆಲಸ. ಒಂದು ರಾಜ್ಯವನ್ನೇ ಅಳಿಸಿದವಳು ನಾನು ಎಂದು ಈಗಲೂ ಜಂಬ ಕೊಚ್ಚುತ್ತೇನೆ. ನನ್ನ ಎದುರು ಮೇಜಿನಲ್ಲಿ ಗುಮಾಸ್ತ ಬೋಪಯ್ಯ. ಸೈನ್ಯದಿಂದ ಬಂದವರು, ಕೊಡವ ತಕ್ಕ್, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡುವವರು. ಮಿಷನ್ನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು, ಹಾಗಾಗಿ ಈ ಪ್ರಬಂಧವನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಬರೆದುಕೊಳ್ಳುತ್ತಿರುವವರು ಅವರೇ. ಕಾಗುಣಿತದ ತಪ್ಪುಗಳೆಲ್ಲ ಅವರ ಲೆಕ್ಕಕ್ಕೆ. ನಮ್ಮೆಲ್ಲರ ಮೇಲೆ ಸೂಪರಿಂಟೆಂಡೆಂಟ್ ಶೇಷಗಿರಿರಾಯರು, ಮೈಸೂರಿನವರು. ಒಳ್ಳೆಯ ಮನುಷ್ಯ. ಕೈಬರಹವೆಂದರೆ ಮುತ್ತು ಪೋಣಿಸಿದ ಹಾಗೆ. ಅದೇ ತೊಂದರೆ. ತನಗೆ ಸುಲಭವಾಗಿ ಬರುವುದು ಇನ್ನೊಬ್ಬರಿಗೆ ಬರದಿದ್ದರೆ ಅದು ಸೋಮಾರಿತನ ಎಂದು ಅವರು ದೇವರಾಣೆಯಾಗಿ ನಂಬಿದ್ದರು.

ಕೆಲಸ ಕಾಯಂ ಆಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸು ಮಾಡಬೇಕಿತ್ತು. ಇಂಗ್ಲಿಷಿನಲ್ಲಿ, ಕೈಯಲ್ಲಿ ಬರೆಯುವ ಪರೀಕ್ಷೆ. ಮೊದಲ ಸಲ, ಮೊದಲ ಪ್ರಶ್ನೆಯ ಅರ್ಧಕ್ಕೆ ನಿಲ್ಲಿಸಿ ಕಣ್ಣೆತ್ತಿದಾಗ ಉಳಿದವರು ಉತ್ತರ ಪತ್ರಿಕೆ ಒಪ್ಪಿಸಿ ಕಾಫಿಗೆ ಹೋಗಿದ್ದರು. ಎರಡನೆಯ ಸಲ ಹಠ ಹಿಡಿದು ಬರೆದೆ. ಪ್ರಯಾಣ ಭತ್ಯೆಯ ನಿಯಮದ ನಡುವೆ ‘ಮತ್ತಿ’ ಎಂದು ಬರೆದಿದ್ದೆನಂತೆ. ಹೊರಗೆ ರಸ್ತೆಯಲ್ಲಿ ಮತ್ತಿ ಮೀನು ಮಾರುವವನು ಕೂಗಿದ್ದು ಕೈಯಿಂದ ಕಾಗದಕ್ಕೆ ಇಳಿದುಬಿಟ್ಟಿತ್ತು. ನಿಯಮವೆಲ್ಲ ನನಗೆ ಬಾಯಿಪಾಠ. ದಿನಾ ಟೈಪ್ ಮಾಡುತ್ತಿದ್ದವಳೇ ನಾನು. ರಾಯರಿಗೇ ಅನುಮಾನ ಬಂದರೆ, “ಪದ್ಮಾವತಿ, ಅದು ಯಾವ ಕಲಮು?” ಎಂದು ನನ್ನನ್ನು ಕೇಳುತ್ತಿದ್ದರು. ಇನ್ನೊಂದು ಸಲ ನಪಾಸಾದರೆ ಮನೆಗೆ. ಮನೆಯಲ್ಲಿ ಅಪ್ಪ ಕೊಣನೂರಿನ ಕಡೆ ಒಂದು ಗಂಡು ನೋಡಿ ಇಟ್ಟಿದ್ದ. ಆ ಗಂಡಿನ ಮೇಲೆ ನನಗೆ ಸಿಟ್ಟೇನಿಲ್ಲ, ನಾನು ಅವನನ್ನು ನೋಡಿಯೇ ಇಲ್ಲ. ಆದರೆ ಸಂಬಳ ಎಣಿಸಿದ ಕೈಯಲ್ಲಿ ಮತ್ತೆ ಹೊಗೆಸೊಪ್ಪು ಪೋಣಿಸುವ ಮನಸ್ಸು ನನಗಿರಲಿಲ್ಲ.

“ಸಾರ್, ಈ ಸಲ ಪರೀಕ್ಷೆಗೆ ಟೈಪ್‌ರೈಟರ್ ತಗೊಂಡು ಹೋಗ್ತೀನಿ,” ಎಂದೆ.

ರಾಯರು ಕನ್ನಡಕ ತೆಗೆದರು. “ಕಣ್ಣು ಕಾಣದವರು ಕನ್ನಡಕ ಕೇಳಿದ್ದು ನೋಡಿದ್ದೀನಿ. ಕೈ ನೆಟ್ಟಗಿರೋರು ಬರೆಯೋಕೆ ಮಿಷನ್ ಕೇಳಿದ್ದು ಇದೇ ಮೊದಲು. ಮನಸ್ಸು ನಿಲ್ಲಿಸಿ ಬರೀಬೇಕಮ್ಮಾ.”

“ನಿಲ್ಲಿಸೋಕೇ ಸಾರ್ ಮಿಷನ್ನು.”

“ಕಚೇರಿ ಮಿಷನ್ ಕೊಡೋಕಾಗಲ್ಲ,” ಎಂದು ಅವರು ಕನ್ನಡಕ ಹಾಕಿಕೊಂಡು ಮುತ್ತು ಪೋಣಿಸತೊಡಗಿದರು.

ಬೋಪಯ್ಯನವರು ತಮ್ಮ ಪರಿಚಯದ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರಿಂದ ಹಳೆಯದೊಂದು ಮಿಷನ್ ಕೊಡಿಸಿದರು. “ಅಟ್ಯಾಕ್ ಮಾಡಿ ಬಾ ಮಾರಾಯ್ತಿ. ಹೆಚ್ಚೆಂದರೆ ಹೊರಗೆ ಹಾಕ್ತಾರೆ, ಗುಂಡು ಹೊಡೆಯೋದಿಲ್ಲವಲ್ಲ” ಎಂಬುದು ಅವರ ಆಶೀರ್ವಾದ. ಪರೀಕ್ಷೆಯ ದಿನ ಮಿಷನ್ನನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಡಿಕೇರಿಯ ಬಸ್ಸು ಹತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಕಾಫಿ ಹೂ ಬಿಟ್ಟ ಕಾಲ. ದಾರಿಯುದ್ದಕ್ಕೂ ತೋಟಗಳು ಬೆಳ್ಳಗೆ. ಆ ವಾಸನೆಗೆ ಎಂಥವರ ಮನಸ್ಸೂ ಬಸ್ಸಿನಲ್ಲಿ ಉಳಿಯದು. ನನ್ನದನ್ನಂತೂ ಕೇಳಬೇಡಿ. ಪಕ್ಕದ ಹೆಂಗಸು ಗಂಟು ಮುಟ್ಟಿ ನೋಡಿ, “ಹೊಲಿಗೆ ಮಿಷನ್ನಾ? ಒಂದು ರವಿಕೆಗೆ ಎಷ್ಟು?” ಎಂದಳು. ಟೈಪ್‌ರೈಟರ್ ಎಂದೆ. “ಅಯ್ಯೋ ಪಾಪ,” ಎಂದು ಕಿಟಕಿಯ ಕಡೆ ತಿರುಗಿದಳು. ಯಾರಿಗೆ ಪಾಪವೋ ಗೊತ್ತಾಗಲಿಲ್ಲ.

ಪರೀಕ್ಷೆ ಒಂದು ಶಾಲೆಯ ಕಟ್ಟಡದಲ್ಲಿ. ಮೇಲ್ವಿಚಾರಣೆಗೆ ಬಂದಿದ್ದ ಹಿರಿಯ ಅಧಿಕಾರಿ ನನ್ನ ಗಂಟನ್ನೂ ನನ್ನನ್ನೂ ನೋಡಿ, ನಿಯಮದ ಪುಸ್ತಕ ತೆರೆದರು.

“ಅಭ್ಯರ್ಥಿಯು ಸ್ವಂತ ಕೈಯಿಂದ, ಶಾಯಿಯಲ್ಲಿ ಉತ್ತರ ಬರೆಯತಕ್ಕದ್ದು,” ಎಂದು ಓದಿದರು.

ನಾನು ಎರಡೂ ಕೈ ಎತ್ತಿ ತೋರಿಸಿದೆ. “ಸ್ವಂತದ್ದೇ ಸಾರ್.”

“ಶಾಯಿ?”

ರಿಬ್ಬನ್ನಿಗೆ ಬೆರಳು ಒತ್ತಿ ಅವರ ಮುಂದೆ ಹಿಡಿದೆ. ಕಪ್ಪಗಿತ್ತು.

“ಬರೆಯತಕ್ಕದ್ದು ಅಂತ ಇದೆಯಲ್ಲಮ್ಮಾ?”

“ಈ ಪರೀಕ್ಷೆಗೆ ನಮ್ಮನ್ನ ಕರೆದ ಕಾಗದ ಟೈಪ್ ಮಾಡಿದ್ದು ಸಾರ್. ಅದರಲ್ಲಿ ‘ತಮಗೆ ಬರೆಯುವುದೇನೆಂದರೆ’ ಅಂತಿದೆ. ಅದು ಬರೆದದ್ದಾದರೆ ಇದೂ ಬರೆದದ್ದೇ. ಅದು ಬರೆದದ್ದಲ್ಲ ಅನ್ನೋದಾದರೆ ನಮ್ಮನ್ನ ಯಾರೂ ಕರೆದೇ ಇಲ್ಲ, ನಾವೆಲ್ಲ ಮನೆಗೆ ಹೋಗ್ತೀವಿ.”

ಹಿಂದಿನಿಂದ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ನಾನು ಮಿಷನ್ನನ್ನು ಇನ್ನೂ ಬಿಗಿಯಾಗಿ ಅಪ್ಪಿ ನಿಂತೆ. ಅವರು ಬಹಳ ಹೊತ್ತು ಪುಸ್ತಕದ ಹಾಳೆ ತಿರುವಿದರು. ಟೈಪ್‌ರೈಟರ್ ತರಕೂಡದು ಎಂದು ಎಲ್ಲೂ ಇರಲಿಲ್ಲ. ಅಂಥದ್ದೊಂದನ್ನು ಹೊತ್ತು ತರುವವರು ಹುಟ್ಟಬಹುದೆಂದು ನಿಯಮ ಮಾಡಿದವರು ಕನಸು ಕಂಡಿರಲಿಲ್ಲ. ಕೊನೆಗೆ, “ವರಾಂಡದ ಆ ತುದಿಗೆ ಕೂರಿ. ಯಾರಾದರೂ ದೂರು ಕೊಟ್ಟರೆ ನಿಲ್ಲಿಸಬೇಕು,” ಎಂದರು.

ಹತ್ತು ನಿಮಿಷದಲ್ಲಿ ದೂರು ಬಂತು. ಕನ್ನಡಕದ ಗುಮಾಸ್ತರೊಬ್ಬರು ಹೊರಗೆ ಬಂದು, “ಈ ಟಕಟಕದಲ್ಲಿ ಗಮನ ಇಟ್ಟು ಬರೆಯೋದು ಹೇಗೆ?” ಎಂದು ಕೂಗಾಡಿದರು. ನನಗೆ ತಡೆಯಲಾಗಲಿಲ್ಲ. “ಒಂದು ಬೆಳಗ್ಗೆಗೆ ನಿಮಗೆ ಇಷ್ಟು ಸಿಟ್ಟು ಬಂತಲ್ಲ ಸಾರ್, ನನಗೆ ನಿಮ್ಮ ನಿಶ್ಶಬ್ದದಲ್ಲಿ ಹುಟ್ಟಿದಾಗಿನಿಂದ ಹೀಗೇ ಆಗ್ತಾ ಇದೆ,” ಎಂದೆ. ಅಧಿಕಾರಿ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಆ ಮನುಷ್ಯನನ್ನು ಒಳಗೆ ಕಳಿಸಿ, ಕಿಟಕಿಗಳನ್ನೆಲ್ಲ ಮುಚ್ಚಿಸಿ, ತಾವೇ ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಕಾವಲಿಗೋ ಕುತೂಹಲಕ್ಕೋ ತಿಳಿಯದು. ಸಾಲಿನ ಕೊನೆಗೆ ಗಂಟೆ ಬಾರಿಸಿದಾಗಲೆಲ್ಲ ಅವರ ತಲೆಯೂ ಒಂದು ಸಲ ಆಡುತ್ತಿತ್ತು. ನಾನು ಕೊನೆಯ ಪ್ರಶ್ನೆಯವರೆಗೂ ಮುಗಿಸಿದೆ. ಹೊರಗೆ ಯಾರು ಏನು ಮಾರಿದರೋ ಇವತ್ತಿಗೂ ಗೊತ್ತಿಲ್ಲ.

ಮಳೆ ಹಿಡಿದ ಮೇಲೆ ಫಲಿತಾಂಶ ಬಂತು. ಪಾಸು, ಅದೂ ಒಳ್ಳೆಯ ಅಂಕದಲ್ಲಿ. ಅದರ ಬೆನ್ನಿಗೇ ಒಂದು ಸುತ್ತೋಲೆಯೂ ಬಂತು: ಇನ್ನು ಮುಂದೆ ಪರೀಕ್ಷಾ ಕೊಠಡಿಗೆ ಯಾವುದೇ ಬಗೆಯ ಯಂತ್ರ ತರಕೂಡದು. ನನ್ನ ಒಬ್ಬಳಿಗಾಗಿ ಸರ್ಕಾರ ಒಂದು ನಿಯಮ ಮಾಡಿತಲ್ಲ ಎಂದು ಹೆಮ್ಮೆಪಡಬೇಕೋ, ನನ್ನಂಥ ಇನ್ನೊಬ್ಬಳು ಹಿಂದಿನಿಂದ ಬಂದರೆ ಏನು ಮಾಡುತ್ತಾಳೆ ಎಂದು ಉರಿದುಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆದರೆ ನನಗೆ ಕಾದಿದ್ದದ್ದು ಬೇರೆ. ಪಾಸಾದ ಟೈಪಿಸ್ಟನ್ನು ಟೈಪಿಸ್ಟಾಗಿ ಇಡುವುದು ಇಲಾಖೆಗೆ ಮರ್ಯಾದೆಯಲ್ಲವಂತೆ. ನನ್ನನ್ನು ಗುಮಾಸ್ತೆ ಮಾಡಿದರು. ಗುಮಾಸ್ತೆಯ ಕೆಲಸ ಕಡತದಲ್ಲಿ ಕೈಯಿಂದ ಟಿಪ್ಪಣಿ ಬರೆಯುವುದು! ಮಿಷನ್ನಿನ ಮುಂದೆ ಹೊಸ ಟೈಪಿಸ್ಟ್ ಬಂದು ಕೂತರು. ನಾನು ಒಂದು ವಾರ ನೋಡಿದೆ. ಆಮೇಲೆ ಅವರು ಊಟಕ್ಕೆ ಎದ್ದಾಗಲೆಲ್ಲ ಹೋಗಿ ನನ್ನ ಟಿಪ್ಪಣಿಗಳನ್ನು ಟೈಪ್ ಮಾಡಿ ಕಡತಕ್ಕೆ ಸೇರಿಸತೊಡಗಿದೆ. ರಾಯರು ಮೆಮೊ ಕೊಟ್ಟರು: ಟಿಪ್ಪಣಿಗಳನ್ನು ಟೈಪ್ ಮಾಡುತ್ತಿರುವುದೇಕೆ, ಸಮಜಾಯಿಷಿ ಸಲ್ಲಿಸಿ. ಸಮಜಾಯಿಷಿಯನ್ನೂ ಟೈಪ್ ಮಾಡಿ ಕೊಟ್ಟೆ.

“ಇದು ನಡೆಯಲ್ಲ. ಸ್ವಹಸ್ತದಲ್ಲಿ, ಕನ್ನಡದಲ್ಲಿ, ನಿಮ್ಮ ಮಾತಲ್ಲೇ ಬರೆದುಕೊಡಿ. ಅದು ಬಂದ ಮೇಲೆ ಮುಂದಿನ ಕ್ರಮ,” ಎಂದರು.

“ಆಗಲಿ ಸಾರ್,” ಎಂದು ಪೆನ್ನು ಹಿಡಿದು ಕೂತೆ.

ಸಮಜಾಯಿಷಿ ಬಾರದೆ ಕ್ರಮ ಜರುಗಿಸುವಂತಿಲ್ಲ ಎಂದು ಅದೇ ನಿಯಮದ ಪುಸ್ತಕ ಹೇಳುತ್ತದೆ. ರಾಯರಿಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಕಡತ ನೋಡಿ, “ನಿಮ್ಮ ಮೇಲೆ ಒಂದು ಮೆಮೊ ಇದೆಯಲ್ಲ?” ಎಂದರು. “ಹೌದು ಸಾರ್, ಬರೀತಾ ಇದ್ದೀನಿ,” ಎಂದೆ. ಅಲ್ಲಿಯವರೆಗೆ ಟೈಪ್ ಮಾಡಿದ ಟಿಪ್ಪಣಿಗಳೇ ನಡೆಯುತ್ತಿವೆ. ಇದೆಲ್ಲ ನಾನು ಬೇಕೆಂದೇ ಹೂಡಿದ ಆಟ ಎಂದು ಬೋಪಯ್ಯ ಊರೆಲ್ಲ ಹೇಳಿಕೊಂಡು ನಗುತ್ತಾರೆ. ಅಲ್ಲ, ಆಣೆ ಮಾಡಿ ಹೇಳುತ್ತೇನೆ, ನಾನು ನಿಜವಾಗಿಯೂ ಬರೆಯುತ್ತಿದ್ದೇನೆ. ಹೋದ ವರ್ಷ ‘ನನ್ನ ಗಮ’ ಎಂಬಲ್ಲಿ ನಿಂತಿತ್ತು. ನಿನ್ನೆ ಕೂತು ‘ನ’ ಸೇರಿಸಿದೆ.