ಒಂದೇ ಸಮ ಕರೆಂಟು

ನಾನು ಶಾಲೆ ಬಿಟ್ಟದ್ದು ಐದನೇ ತರಗತಿಗೆ. ಆದರೆ ಇಪ್ಪತ್ತು ವರ್ಷ ಶಹಾಪುರದ ಅಂಗಡಿಗಳಿಗೆ ಬೋರ್ಡು ಬರೆದ ಕೈ ಇದು. ನನ್ನ ಕುಂಚದ ಅಕ್ಷರದಲ್ಲಿ ತಪ್ಪು ಹುಡುಕಿದವರಿಲ್ಲ! ಈಗ ಜನರಿಗೆ ಹೊಳೆಯುವ ಎಲ್‌ಇಡಿ ಬೋರ್ಡೇ ಬೇಕಂತೆ. ನಾನೇನು ಹಿಂದೆ ಬೀಳುವವನೇ?

ಮೊದಲ ಗಿರಾಕಿ ನಮ್ಮ ಮಾವನವರು. ರಿಟೈರಾದ ಮಾಸ್ತರರು, ಸುರಪುರದಲ್ಲಿ ಖಾನಾವಳಿ ತೆರೆಯುವವರಿದ್ದರು. ಮದುವೆಯಾದಾಗಿನಿಂದ ಯಾರೇ ಎದುರಾದರೂ, "ಇಂವ ನಮ್ಮ ಅಳಿಯ. ಐದನೇತ್ತ!" ಎಂದೇ ನನ್ನ ಪರಿಚಯ. ಐದನೇ ಇಯತ್ತೆಯವನೆಂಬ ಆ 'ಐದನೇತ್ತ' ಅಳಿಸಲು ಇದೇ ಸುಸಂದರ್ಭವೆಂದು ಯಾದಗಿರಿಯಿಂದ ಬೋರ್ಡು ತಂದೆ.

ಅಂಗಡಿಯವನು ಅದರ ಬೆನ್ನು ಬಿಚ್ಚಿ, ಕರಿ ಇರುವೆ ಸಾಲಿನಂಥದ್ದನ್ನು ತೋರಿಸಿದ್ದ. "ಇವು ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಚಿಪ್ ಅದಾವ್ರಿ. ಕರೆಂಟ್ ಒಂದೇ ಸಮ ಕೊಡ್ತಾವ."

"ಒಂದೇ ಸಮ?"

"ಹೌದ್ರಿ, ಒಂದೇ ಸಮ!"

ಒಂದೇ ಸಮ ಮಳೆ ಸುರಿಯಿತು ಎಂದರೆ ನಿಲ್ಲದೆ ಸುರಿಯಿತು. ಕೂಸು ಒಂದೇ ಸಮ ಅತ್ತಿತು ಎಂದರೆ ಬಿಡದೆ ಅತ್ತಿತು. ಹಾಗಾದರೆ ಒಂದೇ ಸಮ ಕರೆಂಟು? ಹೋಗದ ಕರೆಂಟು! ಇಷ್ಟು ತಿಳಿಯಲು ಆರನೇ ತರಗತಿ ಬೇಕೇ?

ಮಾವನವರು ಬಾಡಿಗೆ ಜನರೇಟರು ತರಿಸಿದ್ದರು. ವಾಪಸು ಕಳಿಸಿದೆ.

"ಕರೆಂಟ್ ಹೋದ್ರ ಹೆಂಗ, ಅಳಿಯದೇವ್ರ?"

"ಹೋಗಂಗಿಲ್ರಿ ಮಾವಾರ. ಒಳಗ ಚಿಪ್ ಅದ!"

ಹೆಂಡತಿ ಮಲ್ಲಮ್ಮ ಪಿಸುಗುಟ್ಟಿದಳು: "ಖಾತ್ರಿ ಅದ ಏನ್ರಿ? ಅಪ್ಪನ ಜೋಡಿ ಮಾಸ್ತರಗೋಳೆಲ್ಲಾ ಬರಾಕತ್ಯಾರ."

"ನೀ ಸುಮ್ನಿರ. ಇದು ತಾಂತ್ರಿಕ ವಿಷಯ."

ಅಷ್ಟಕ್ಕೇ ಬಿಡಲಿಲ್ಲ. ಫ್ಯಾನುಗಳ ವೈರನ್ನೂ ಬೋರ್ಡಿನ ವೈರಿಗೇ ಜೋಡಿಸಿದೆ. ಅವೂ ಉದ್ಧಾರವಾಗಲಿ!

ಉದ್ಘಾಟನೆಯ ಮಧ್ಯಾಹ್ನ. ರಣಬಿಸಿಲು. ಬೋರ್ಡು ಝಗಝಗಿಸಿತು. ಒಂದಕ್ಷರ ಮಂಕಿಲ್ಲ. ಮಾಸ್ತರರ ದಂಡಿನೆದುರು ಮಾವನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಇವರು ನಮ್ಮ ಅಳಿಯಾರು. ದೊಡ್ಡ ಇಂಜಿನಿ..."

ಕರೆಂಟು ಹೋಯಿತು.

'ಯರ್' ಬರಲೇ ಇಲ್ಲ!

ಬೋರ್ಡು ಕಪ್ಪಾಯಿತು, ಫ್ಯಾನು ನಿಂತವು. ರೊಟ್ಟಿ ಮುರಿಯುತ್ತಿದ್ದ ಕೈಗಳು ಬೆವರು ಒರೆಸತೊಡಗಿದವು.

"ಎರಡು ನಿಮಿಷ ತಡೀರಿ, ಚಿಪ್‌ಗೆ ಎಚ್ಚರ ಆಗ್ಬೇಕು!" ಎಂದೆ. ಆಗಲಿಲ್ಲ. ಯಾದಗಿರಿಗೆ ಫೋನು ಹಚ್ಚಿದೆ. ತಪ್ಪು ಯಾರದೆಂದು ಎಲ್ಲರಿಗೂ ತಿಳಿಯಲೆಂದು ಸ್ಪೀಕರನ್ನೂ ನಾನೇ ಹಾಕಿದೆ!

"ಅಣ್ಣಾ, ಒಂದೇ ಸಮ ಅಂದ್ರ ಎಲ್ಲಾ ಲೈಟಿಗೂ ಸರಿಸಮ! ಒಂದು ಜೋರು, ಒಂದು ಮಬ್ಬು ಆಗಬಾರ್ದಂತ. ಚಿಪ್ ಬಂದ ಕರೆಂಟ್ ಹಂಚ್ತದ, ಕರೆಂಟ್ ಹಡಿಯಂಗಿಲ್ಲ!"

ತಪ್ಪು ಯಾರದೆಂದು ಎಲ್ಲರಿಗೂ ತಿಳಿಯಿತು.

ಜನರೇಟರು ಆಗಲೇ ಕೊಡೇಕಲ್ಲಿನ ಮದುವೆ ಮನೆ ಸೇರಿತ್ತು. ಬೋರ್ಡು ಬಂದ ರಟ್ಟಿನ ಡಬ್ಬಿ ಹರಿದು ಮಾಸ್ತರರಿಗೆ ಗಾಳಿ ಬೀಸಲು ನಿಂತೆ. ಎಣ್ಣೆಗಾಯಿ ಬಡಿಸುತ್ತ ಬಂದ ಮಲ್ಲಮ್ಮ ಅಲ್ಲೇ ನಿಂತಳು.

"ಹೆಡ್‌ಮಾಸ್ತರ ಕಡಿ ಜೋರು, ಪಿ.ಟಿ. ಮಾಸ್ತರ ಕಡಿ ಮಬ್ಬು ಆಗ್ಯದ. ಒಂದೇ ಸಮ ಬೀಸ್ರಿ!"

ಬೀಸಿದೆ. ಎರಡೂ ಅರ್ಥದಲ್ಲಿ ಬೀಸಿದೆ. ಎಲ್ಲರಿಗೂ ಸರಿಸಮ, ಕರೆಂಟು ಬರುವ ತನಕ ಬಿಡದೆ!

ತಡವಾಗಿ ಬಂದ ಮಾಸ್ತರರೊಬ್ಬರು ನನ್ನನ್ನು ನೋಡಿ, "ಇವ್ರು ಯಾರ್ರಿ?" ಎಂದರು.

ಮಾವನವರು ತಲೆಯೆತ್ತಲಿಲ್ಲ.

"ನಮ್ಮ ಅಳಿಯ. ನಾಕನೇತ್ತ!"